ಭಂಗಿ ಮೊದಲು, ಸರಕು ಆಮೇಲೆ: ಟ್ರಯಥ್ಲಾನ್ ಸೈಕಲ್ಲಿನ ಅರ್ಧ ಶತಮಾನ

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ನಡುವೆ ಬಿಡುವಿಲ್ಲದಂತೆ ಒಂದೇ ಸ್ಪರ್ಧೆಯಾಗಿ ಮುಗಿಸಬೇಕಾದ ಟ್ರಯಥ್ಲಾನ್ ಎಂಬ ಕ್ರೀಡೆ ಹುಟ್ಟಿ ಅರ್ಧ ಶತಮಾನ ಕಳೆದಿದೆ. ಈ ಅವಧಿಯಲ್ಲಿ ಈಜುವ ಉಡುಪೂ ಓಡುವ ಬೂಟೂ ಬದಲಾಗಿರುವುದು ನಿಜವಾದರೂ, ಸೈಕಲ್ಲಿನಷ್ಟು ರೂಪಾಂತರಗೊಂಡ ಮತ್ತು ಸ್ಪರ್ಧಿಯಿಂದ ಅಷ್ಟು ಹಣ ಬೇಡುವ ಸಾಧನ ಮತ್ತೊಂದಿಲ್ಲ. ಮೊದಲ ಬಾರಿಗೆ ಹೆಸರು ನೋಂದಾಯಿಸಿದವರು ಇರುವ ಸೈಕಲ್ಲಿನಲ್ಲೇ ಸ್ಪರ್ಧೆಗಿಳಿಯಬಹುದೇ, ಇಲ್ಲವೇ ಕಾರ್ಬನ್ ಫೈಬರಿನ ಫ್ರೇಮು, ಅಗಲ ಅಂಚಿನ ಚಕ್ರ, ಗಾಳಿ ಸೀಳುವ ಹೆಲ್ಮೆಟ್ ಇವುಗಳನ್ನು ಕೊಂಡೇ ಇಳಿಯಬೇಕೇ ಎಂಬ ಪ್ರಶ್ನೆ ಇಂದು ಆರಂಭದಲ್ಲೇ ಎದುರಾಗುತ್ತದೆ. ಕ್ರೀಡೆ ಹುಟ್ಟಿದ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಅದು ಯಾವಾಗ, ಯಾವ ಕಾರಣಗಳಿಂದ ತಲೆದೋರಿತು ಎಂಬುದನ್ನು ಕ್ರಮವಾಗಿ ಗಮನಿಸಿದರೆ, ವೇಗ ಹೆಚ್ಚಿದ ಹಂತಗಳೂ ಬೆಲೆ ಹೆಚ್ಚಿದ ಹಂತಗಳೂ ಪ್ರತಿ ಬಾರಿ ಒಂದೇ ಆಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ 1974ರ ಸೆಪ್ಟೆಂಬರ್ 25ರಂದು, ಸ್ಥಳೀಯ ಟ್ರ್ಯಾಕ್ ಕ್ಲಬ್ಬಿನ ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಏರ್ಪಡಿಸಿದ ಸ್ಪರ್ಧೆಯನ್ನು ಆಧುನಿಕ ಟ್ರಯಥ್ಲಾನಿನ ಮೊದಲ ಪಂದ್ಯವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಓಟದ ಅಭ್ಯಾಸದ ಏಕತಾನತೆಯನ್ನು ಮುರಿಯಲೆಂದು ವಾರದ ನಡುವಿನ ಒಂದು ಸಂಜೆ ನಡೆದ ಆ ಪಂದ್ಯದಲ್ಲಿ ಸೈಕಲ್ಲಿನ ಭಾಗ 5 ಮೈಲಿ, ಎಂದರೆ ಸುಮಾರು 8 ಕಿ.ಮೀ. ಮಾತ್ರ ಇತ್ತು, ಸೈಕಲ್ಲನ್ನು ಸ್ಪರ್ಧಿಗಳೇ ತರಬೇಕಾಗಿತ್ತು. ಅಂದು ಭಾಗವಹಿಸಿದ್ದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಮುಂದೆ ಹವಾಯಿಗೆ ಹೋಗಿ ನೆಲಸಿದಾಗ, ಈಜುಗಾರ, ಸೈಕಲ್ ಸವಾರ ಮತ್ತು ಓಟಗಾರರಲ್ಲಿ ಯಾರು ಹೆಚ್ಚು ಗಟ್ಟಿಗರು ಎಂಬ ಚರ್ಚೆಗೆ ಉತ್ತರವಾಗಿ, ಓವಾಹು ದ್ವೀಪದಲ್ಲಿ ಆಗಲೇ ನಡೆಯುತ್ತಿದ್ದ ಮೂರು ಪ್ರತ್ಯೇಕ ಸ್ಪರ್ಧೆಗಳನ್ನು ಒಂದುಗೂಡಿಸುವ ಯೋಜನೆ ರೂಪಿಸಿದರು. 1978ರ ಫೆಬ್ರವರಿ 18ರಂದು ನಡೆದ ಈ ಮೊದಲ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಸವಾರಿ ಮತ್ತು 42.2 ಕಿ.ಮೀ. ಓಟ ಇದ್ದವು. ಹೊರಟ 15 ಮಂದಿಯಲ್ಲಿ 12 ಮಂದಿ ಗುರಿ ಮುಟ್ಟಿದರು. ಗಾರ್ಡನ್ ಹ್ಯಾಲರ್ 11 ಗಂಟೆ 46 ನಿಮಿಷಗಳಲ್ಲಿ ಮುಗಿಸಿ ಗೆದ್ದರು. ಅಂದಿನ ಸವಾಲು ದೂರವೇ ಹೊರತು ಉಪಕರಣವಾಗಿರಲಿಲ್ಲ, ಏಕೆಂದರೆ ಈ ಕ್ರೀಡೆಗೆಂದೇ ತಯಾರಾದ ಸೈಕಲ್ ಆಗ ಜಗತ್ತಿನ ಯಾವ ಅಂಗಡಿಯಲ್ಲೂ ಇರಲಿಲ್ಲ.

ಸೈಕಲ್ಲಿಗೆ ಮುಂದೆ ಬಂದ ಮಹತ್ವಕ್ಕೆ ಈ ಕ್ರೀಡೆಯ ಒಂದು ನಿಯಮವೇ ಮೂಲವಾಯಿತು. ರಸ್ತೆ ಸೈಕಲ್ ಪಂದ್ಯಗಳಲ್ಲಿ ಸವಾರರು ಒಬ್ಬರ ಹಿಂದೊಬ್ಬರು ಅಂಟಿಕೊಂಡು ಸಾಗಿ, ಮುಂದಿನವರು ಸೀಳಿದ ಗಾಳಿಯ ಮರೆಯಲ್ಲಿ ಶಕ್ತಿ ಉಳಿಸುತ್ತಾರೆ. ಡ್ರಾಫ್ಟಿಂಗ್ ಎಂದು ಕರೆಯಲಾಗುವ ಈ ತಂತ್ರವನ್ನು ಟ್ರಯಥ್ಲಾನ್ ನಿಷೇಧಿಸಿದ್ದರಿಂದ, ಪ್ರತಿಯೊಬ್ಬ ಸ್ಪರ್ಧಿಯೂ ಇಡೀ ದೂರವನ್ನು ಎದುರುಗಾಳಿಗೆ ಒಬ್ಬಂಟಿಯಾಗಿ ಮೈಯೊಡ್ಡಿ ಕ್ರಮಿಸಬೇಕಾಯಿತು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವಾಗ ಸವಾರನ ಶಕ್ತಿಯ ಸುಮಾರು ಮುಕ್ಕಾಲು ಪಾಲು ಗಾಳಿಯನ್ನು ತಳ್ಳುವುದಕ್ಕೇ ವ್ಯಯವಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿಯ ದರ ಎಂಟು ಪಟ್ಟಾಗುತ್ತದೆ. ಆ ತಡೆಯಲ್ಲಿ ಬಹುದೊಡ್ಡ ಪಾಲು ಸವಾರನ ದೇಹದಿಂದ ಬರುತ್ತದೆಯೇ ಹೊರತು ಸೈಕಲ್ಲಿನಿಂದಲ್ಲ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಅಧ್ಯಾಪಕ ಚೆಸ್ಟರ್ ಕೈಲ್ 1970ರ ದಶಕದಲ್ಲಿ ಪೆಡಲ್ ತುಳಿಯದೆ ತಾನಾಗಿ ಉರುಳಿ ನಿಧಾನಗೊಳ್ಳುವ ಸೈಕಲ್ಲುಗಳ ಮೇಲೆ ಪ್ರಯೋಗ ನಡೆಸಿ ಇಂತಹ ಲೆಕ್ಕಗಳಿಗೆ ಅಳತೆಯ ಆಧಾರ ಒದಗಿಸಿದ್ದರು.

ಆದರೆ ಜನರ ಕಣ್ಣಿಗೆ ಮೊದಲು ಬಿದ್ದದ್ದು ದೇಹಕ್ಕಿಂತ ಯಂತ್ರವೇ. 1984ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೊಸರ್ ಮೆಕ್ಸಿಕೊ ನಗರದಲ್ಲಿ, ಕಡ್ಡಿಗಳ ಬದಲು ಪೂರ್ತಿ ಮುಚ್ಚಿದ ತಟ್ಟೆಯಂತಹ ಡಿಸ್ಕ್ ಚಕ್ರಗಳನ್ನು ಬಳಸಿ, ಒಂದು ಗಂಟೆಯಲ್ಲಿ ಕ್ರಮಿಸುವ ದೂರದ ದಾಖಲೆಯನ್ನು 51.151 ಕಿ.ಮೀ.ಗೆ ಏರಿಸಿದರು. 1972ರಲ್ಲಿ ಎಡ್ಡಿ ಮೆರ್ಕ್ಸ್ ಸಾಮಾನ್ಯ ರೂಪದ ಸೈಕಲ್ಲಿನಲ್ಲಿ ಸ್ಥಾಪಿಸಿದ್ದ 49.431 ಕಿ.ಮೀ.ಗಳ ದಾಖಲೆ ಹನ್ನೊಂದು ವರ್ಷಗಳ ಕಾಲ ಅಳಿಯದೆ ನಿಂತಿದ್ದುದರಿಂದ, ಹೊಸ ಚಕ್ರಗಳ ಕೀರ್ತಿ ಬೇಗನೆ ಹರಡಿತು. ವಿಶೇಷ ಉಪಕರಣವನ್ನು ಕೊಂಡರೆ ವೇಗವನ್ನೂ ಕೊಂಡಂತೆ ಎಂಬ ನಂಬಿಕೆ ಸೈಕಲ್ ಮಾರುಕಟ್ಟೆಯಲ್ಲಿ ಬಲಗೊಂಡದ್ದು ಈ ಕಾಲದಲ್ಲಿ.

ಟ್ರಯಥ್ಲಾನಿಗೆ ನಿಜವಾದ ತಿರುವು ತಂದದ್ದು ಇದಕ್ಕಿಂತ ಸರಳವಾದ, ಬಾಗಿಸಿದ ಅಲ್ಯೂಮಿನಿಯಂ ಕೊಳವೆಯೊಂದು. ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ಸೈಕಲ್ಲಿನಲ್ಲಿ ದಾಟುವ ರೇಸ್ ಅಕ್ರಾಸ್ ಅಮೆರಿಕ ಸ್ಪರ್ಧೆಯನ್ನು 1986ರಲ್ಲಿ ಗೆದ್ದ ಪೀಟ್ ಪೆನ್ಸೈರಸ್, ಮೊಣಕೈಗಳನ್ನು ಊರಿ ವಿಶ್ರಾಂತಿ ಪಡೆಯಲು ಅನುವಾಗುವ ಹ್ಯಾಂಡಲ್ ಬಳಸಿದ್ದರು. ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಕ್ರೀಡೆಯ ತರಬೇತುದಾರರಾಗಿದ್ದ ಬೂನ್ ಲೆನನ್, ಇಳಿಜಾರಿನ ಸ್ಪರ್ಧಿಗಳು ತೋಳುಗಳನ್ನು ಎದೆಯ ಮುಂದೆ ಚಾಚಿ ಬೆನ್ನು ಬಾಗಿಸಿ ಕುಗ್ಗುವ ಭಂಗಿಯನ್ನೇ ಸೈಕಲ್ಲಿಗೆ ತಂದರು. ಅವರ ವಿನ್ಯಾಸವನ್ನು ಸ್ಕೀ ಊರುಗೋಲುಗಳ ತಯಾರಿಕೆಯಿಂದ ಬೆಳೆದ ಸ್ಕಾಟ್ ಕಂಪನಿ 1987ರ ಹೊತ್ತಿಗೆ ಮಾರುಕಟ್ಟೆಗೆ ಬಿಟ್ಟಿತು. ಏರೋಬಾರ್ ಎಂದು ಹೆಸರಾದ ಈ ಹ್ಯಾಂಡಲ್ಲಿನಿಂದ ತೋಳುಗಳು ಹತ್ತಿರ ಬಂದು, ಎದೆ ತಗ್ಗಿ, ಗಾಳಿಗೆ ಎದುರಾಗುವ ದೇಹದ ವಿಸ್ತಾರ ಒಮ್ಮೆಲೇ ಕುಗ್ಗಿತು. ರಸ್ತೆ ಸೈಕಲ್ಲಿನ ಸಂಪ್ರದಾಯಸ್ಥರು ಅನುಮಾನದಿಂದ ನೋಡುತ್ತಿದ್ದಾಗಲೇ ಟ್ರಯಥ್ಲಾನ್ ಸ್ಪರ್ಧಿಗಳು ಅದನ್ನು ಸಲೀಸಾಗಿ ಅಳವಡಿಸಿಕೊಂಡರು. ಹೊಸ ಕ್ರೀಡೆಗೆ ಕಾಪಾಡಿಕೊಳ್ಳಬೇಕಾದ ಹಳೆಯ ಪದ್ಧತಿಗಳ ಹೊರೆ ಇರಲಿಲ್ಲ.

ಈ ಉಪಕರಣದ ಪರಿಣಾಮ ಜಗತ್ತಿಗೆ ತಿಳಿದದ್ದು 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ. ವೆರ್ಸೇಯಿಂದ ಪ್ಯಾರಿಸ್ಸಿನವರೆಗಿನ 24.5 ಕಿ.ಮೀ.ಗಳ ಏಕಾಂಗಿ ಸವಾರಿಗೆ ಮುನ್ನ 50 ಸೆಕೆಂಡು ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್, ಏರೋಬಾರ್ ಹಿಡಿದು, ಗಾಳಿ ಸೀಳುವ ಹೆಲ್ಮೆಟ್ ಧರಿಸಿ ಸವಾರಿ ಮಾಡಿ, ಇಡೀ ಟೂರನ್ನು 8 ಸೆಕೆಂಡುಗಳಿಂದ ಗೆದ್ದರು. ಸೋತ ಫ್ರಾನ್ಸಿನ ಲೊರಾಂ ಫಿನ್ಯೊ ಅವರ ಸೈಕಲ್ಲಿನಲ್ಲಿ ಮುಂದೆ ಹಿಂದೆ ಎರಡೂ ಡಿಸ್ಕ್ ಚಕ್ರಗಳಿದ್ದವು, ಆದರೆ ತಲೆ ಬರಿದಾಗಿತ್ತು, ಏರೋಬಾರ್ ಇರಲಿಲ್ಲ. ಕೂರುವ ಜಾಗದಲ್ಲಿ ಹುಣ್ಣಾಗಿ ಫಿನ್ಯೊ ಬಳಲುತ್ತಿದ್ದುದರಿಂದ ಫಲಿತಾಂಶವನ್ನೆಲ್ಲ ಹ್ಯಾಂಡಲ್ಲಿಗೇ ಸಲ್ಲಿಸುವುದು ಸರಿಯಾಗದಿದ್ದರೂ, ಚಕ್ರದ ಮೇಲಿನ ಖರ್ಚಿಗಿಂತ ಭಂಗಿಯ ಮೇಲಿನ ಗಮನ ಹೆಚ್ಚು ಫಲ ಕೊಡಬಲ್ಲದೆಂಬುದಕ್ಕೆ ಆ ದಿನ ಬಹುಕಾಲ ನೆನಪಿನಲ್ಲುಳಿಯುವ ಉದಾಹರಣೆಯಾಯಿತು.

ಭಂಗಿಯ ಈ ಬದಲಾವಣೆ ಹೊಸದೊಂದು ಸಮಸ್ಯೆಯನ್ನೂ ತಂದಿತು. ಸಾಮಾನ್ಯ ರೋಡ್ ಸೈಕಲ್ಲಿನಲ್ಲಿ ಸೀಟನ್ನು ಹೊತ್ತ ಕೊಳವೆ ನೆಲಕ್ಕೆ ಸುಮಾರು 73 ಡಿಗ್ರಿ ಕೋನದಲ್ಲಿರುವುದರಿಂದ, ಸವಾರನು ಮುಂದಕ್ಕೆ ಬಾಗಿ ಮಲಗಿದಾಗ ತೊಡೆ ಎದೆಗೆ ಒತ್ತಿ ಸೊಂಟ ಇಕ್ಕಟ್ಟಾಗುತ್ತಿತ್ತು. ಟ್ರಯಥ್ಲಾನ್ ಸ್ಪರ್ಧಿಗಳಿಗೆಂದು ಈಜಿನ ರಬ್ಬರ್ ಉಡುಪು ತಯಾರಿಸಲು 1987ರಲ್ಲಿ ಕ್ವಿಂಟಾನಾ ರೂ ಕಂಪನಿ ಸ್ಥಾಪಿಸಿದ್ದ ಡ್ಯಾನ್ ಎಂಪ್‌ಫೀಲ್ಡ್, ಆ ಕೋನವನ್ನು 80 ಡಿಗ್ರಿಯ ಸಮೀಪಕ್ಕೆ ಏರಿಸಿ ಸವಾರನನ್ನು ಪೆಡಲ್‌ಗಳ ನೇರ ಮೇಲಕ್ಕೆ ತಂದು, ಸಣ್ಣ ಚಕ್ರಗಳನ್ನು ಜೋಡಿಸಿದ ಸೂಪರ್‌ಫಾರ್ಮ್ ಎಂಬ ಸೈಕಲ್ಲನ್ನು 1989ರಲ್ಲಿ ಹೊರತಂದರು. ಏರೋಬಾರಿನ ಸುತ್ತಲೇ ರೇಖಾಗಣಿತ ಹೆಣೆದ ಈ ಸೈಕಲ್ಲಿನಿಂದ ಟ್ರಯಥ್ಲಾನಿಗೆ ಮೀಸಲಾದ ಸೈಕಲ್ಲುಗಳ ಪರಂಪರೆ ಆರಂಭವಾಯಿತೆನ್ನಬಹುದು. ಗಮನಿಸಬೇಕಾದ ಅಂಶವೆಂದರೆ, ಮೊದಲು ದೇಹದ ಭಂಗಿ ಗೊತ್ತಾಗಿ, ಬಳಿಕ ಅದಕ್ಕೆ ಹೊಂದುವಂತೆ ಯಂತ್ರ ರೂಪುಗೊಂಡಿತು.

ಮುಂದಿನ ದಶಕಗಳಲ್ಲಿ ಈ ಕ್ರಮ ತಲೆಕೆಳಗಾಗತೊಡಗಿತು. ಐರನ್‌ಮ್ಯಾನ್ ಸ್ಪರ್ಧೆ 1981ರಲ್ಲಿ ಹವಾಯಿಯ ದೊಡ್ಡ ದ್ವೀಪದ ಕೋನಾಗೆ ಸ್ಥಳಾಂತರಗೊಂಡಿತ್ತು. 1982ರ ಫೆಬ್ರವರಿಯಲ್ಲಿ ಮುನ್ನಡೆಯಲ್ಲಿದ್ದ ಜೂಲಿ ಮಾಸ್ ಗುರಿಯ ಸಮೀಪ ಕುಸಿದು ತೆವಳಿಕೊಂಡೇ ಮುಗಿಸಿದ ದೃಶ್ಯ ದೂರದರ್ಶನದಲ್ಲಿ ಪ್ರಸಾರವಾದ ಮೇಲೆ ಸ್ಪರ್ಧಿಗಳ ಸಂಖ್ಯೆಯೂ ಅವರನ್ನು ನಂಬಿದ ಮಾರುಕಟ್ಟೆಯೂ ಬೆಳೆದವು. ಮಿನೆಸೋಟದ ಸ್ಟೀವ್ ಹೆಡ್ ಅಗಲ ಅಂಚಿನ ಚಕ್ರಗಳನ್ನು ರೂಪಿಸಿದರು. 1988ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಆರಂಭವಾದ ಜಿಪ್ ಕಂಪನಿ ಕಾರ್ಬನ್ ಫೈಬರ್ ಡಿಸ್ಕ್ ಚಕ್ರಗಳಿಂದ ಹೆಸರು ಮಾಡಿತು. 1995ರಲ್ಲಿ ಕೆನಡಾದಲ್ಲಿ ಫಿಲ್ ವೈಟ್ ಮತ್ತು ಜೆರಾರ್ಡ್ ವ್ರೂಮನ್ ಸ್ಥಾಪಿಸಿದ ಸರ್ವೆಲೊ, ಗಾಳಿಗೆ ತಕ್ಕ ಫ್ರೇಮುಗಳಿಂದಲೇ ಮೇಲೇರಿತು. ಕೋನಾದಲ್ಲಿ ಸ್ಪರ್ಧೆಯ ಹಿಂದಿನ ದಿನ ಸ್ಪರ್ಧಿಗಳು ಸೈಕಲ್ಲುಗಳನ್ನು ತಂದು ನಿಲ್ಲಿಸುವಾಗ ಯಾವ ಕಂಪನಿಯವು ಎಷ್ಟು ಎಂದು ಎಣಿಸಿ ಪ್ರಕಟಿಸುವ ರೂಢಿ ಬೆಳೆದು, ಅಲ್ಲಿನ ಪಟ್ಟಿ ವ್ಯಾಪಾರದ ದೊಡ್ಡ ಜಾಹೀರಾತಾಯಿತು. ಅರ್ಹತಾ ಸ್ಪರ್ಧೆಗಳನ್ನು ಗೆದ್ದು ಬಂದವರೇ ಬಹುಪಾಲು ಇರುವ ಕೋನಾದ ಸೈಕಲ್ಲುಗಳು ಇನ್ನೂ ಒಂದು ಸ್ಪರ್ಧೆಯನ್ನೂ ಮುಗಿಸದವರಿಗೆ ಮಾದರಿಯಾದದ್ದು ಹೀಗೆ. ಲಾವಾ ಬಯಲಿನ ಅಡ್ಡಗಾಳಿಯಲ್ಲಿ ಸವಾರರು ಉರುಳಬಾರದೆಂದು ಅದೇ ಕೋನಾದಲ್ಲಿ ಡಿಸ್ಕ್ ಚಕ್ರಗಳನ್ನು ದಶಕಗಳ ಕಾಲ ನಿಷೇಧಿಸಲಾಗಿತ್ತೆಂಬ ಸಂಗತಿ ಜಾಹೀರಾತುಗಳಿಗೆ ಅಷ್ಟಾಗಿ ಒದಗಲಿಲ್ಲ.

ನಿಯಮಗಳೂ ಈ ಬೆಳವಣಿಗೆಗೆ ದಾರಿ ಮಾಡಿಕೊಟ್ಟವು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1996ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಅಂಗೀಕರಿಸಿದ ಸನ್ನದಿನಲ್ಲಿ, ಸ್ಪರ್ಧೆ ಯಂತ್ರಗಳ ನಡುವೆ ನಡೆಯದೆ ಮನುಷ್ಯರ ನಡುವೆ ನಡೆಯಬೇಕೆಂಬ ತತ್ತ್ವವನ್ನು ಮುಂದಿಟ್ಟು, 2000ದಿಂದ ಸೈಕಲ್ಲಿನ ರೂಪಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿತು. ಐರನ್‌ಮ್ಯಾನ್ ಮಾದರಿಯ ಸ್ಪರ್ಧೆಗಳು ಆ ಒಕ್ಕೂಟದ ವ್ಯಾಪ್ತಿಗೆ ಬರದ ಕಾರಣ, ರಸ್ತೆ ಪಂದ್ಯದಲ್ಲಿ ತಡೆಯಲ್ಪಟ್ಟ ಆಕಾರಗಳೆಲ್ಲ ಟ್ರಯಥ್ಲಾನಿನಲ್ಲಿ ಆಶ್ರಯ ಪಡೆದವು. ಇದಕ್ಕೆ ವಿರುದ್ಧವಾಗಿ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟದ ಗಣ್ಯರ ಪಂದ್ಯದಲ್ಲಿ ಡ್ರಾಫ್ಟಿಂಗ್‌ಗೆ ಅನುಮತಿ ಇದ್ದುದರಿಂದ, ಅಲ್ಲಿ ಸಾಮಾನ್ಯ ರೋಡ್ ಸೈಕಲ್ಲೇ ಬಳಕೆಗೆ ಬಂತು. ಒಲಿಂಪಿಕ್ ಪದಕ ಗೆಲ್ಲಲು ರೋಡ್ ಸೈಕಲ್ ಸಾಕಾಗಿ, ಊರಿನ ಹವ್ಯಾಸಿ ಸ್ಪರ್ಧೆಗೆ ವಿಶೇಷ ಸೈಕಲ್ ಬೇಕೆನಿಸುವ ವಿಚಿತ್ರ ಸ್ಥಿತಿ ಹೀಗೆ ಉಂಟಾಯಿತು.

ಇತಿಹಾಸದಲ್ಲಿ ಕಾಣುವುದನ್ನು ಸರಳ ಲೆಕ್ಕವೂ ಬಹುಮಟ್ಟಿಗೆ ಸಮರ್ಥಿಸುತ್ತದೆ. ಸೈಕಲ್ಲಿನ ತೂಕ ಒಂದು ಕಿಲೊ ಇಳಿದರೆ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಉಳಿಯುವುದು ಅರ್ಧ ವ್ಯಾಟಿಗೂ ಕಡಿಮೆ. 200 ವ್ಯಾಟ್ ಶಕ್ತಿಯಲ್ಲಿ ತುಳಿಯುವವರು 300 ಮೀಟರ್ ಎತ್ತರ ಏರುವಾಗಲೂ ಉಳಿಯುವುದು ಸುಮಾರು 15 ಸೆಕೆಂಡು. ಗಾಳಿಯ ತಡೆಯನ್ನು ಶೇ. 10ರಷ್ಟು ತಗ್ಗಿಸಿದರೆ ಅದೇ ಶ್ರಮದಲ್ಲಿ ವೇಗ ಶೇ. 2.5ರಿಂದ 3ರಷ್ಟು ಏರುತ್ತದೆ. ಇಂತಹ ಲಾಭ ವೇಗದ ಸವಾರರಿಗೆ ಮಾತ್ರ ಎಂಬ ಮಾತು ಪ್ರಚಾರದಲ್ಲಿದ್ದರೂ ಅದು ಪೂರ್ತಿ ಸರಿಯಲ್ಲ: 40 ಕಿ.ಮೀ. ದೂರವನ್ನು ಒಂದು ಗಂಟೆಯಲ್ಲಿ ಮುಗಿಸುವವರಿಗೆ ಉಳಿಯುವುದು ಎರಡು ನಿಮಿಷಕ್ಕಿಂತ ಕಡಿಮೆ, ಒಂದೂವರೆ ಗಂಟೆ ತೆಗೆದುಕೊಳ್ಳುವ ಹೊಸಬರಿಗೆ ಉಳಿಯುವುದು ಎರಡು ನಿಮಿಷಕ್ಕಿಂತ ತುಸು ಹೆಚ್ಚು, ಏಕೆಂದರೆ ಅವರು ಗಾಳಿಯೊಡನೆ ಹೆಚ್ಚು ಹೊತ್ತು ಹೆಣಗುತ್ತಾರೆ. ಆದ್ದರಿಂದ ಗಾಳಿಯ ವಿಚಾರ ಹೊಸಬರಿಗೆ ಬೇಡವೆನ್ನಲಾಗದು; ಆ ಲಾಭ ಎಲ್ಲಿ ಅಗ್ಗವಾಗಿ ಸಿಗುತ್ತದೆ ಎಂಬುದೇ ಪ್ರಶ್ನೆ. ಅದರ ದೊಡ್ಡ ಪಾಲು ದೇಹದ ಅಳತೆಗೆ ಸೀಟು ಮತ್ತು ಹ್ಯಾಂಡಲ್ಲನ್ನು ಹೊಂದಿಸುವುದರಲ್ಲಿ, ಇರುವ ಹ್ಯಾಂಡಲ್ಲಿಗೇ ಕಚ್ಚಿಸಬಹುದಾದ ಏರೋಬಾರಿನಲ್ಲಿ, ಮೈಗಂಟಿದ ಉಡುಪಿನಲ್ಲಿ ಅಡಗಿದೆ; ಇದಕ್ಕೆ ಉರುಳುವಾಗ ಕಡಿಮೆ ತಡೆ ಒಡ್ಡುವ ಒಳ್ಳೆಯ ಟೈರುಗಳೂ ಸೇರಿದರೆ, ಫ್ರೇಮು ಮತ್ತು ಚಕ್ರಗಳಿಗೆ ಉಳಿಯುವ ಪಾಲು ಸಣ್ಣದು, ಬೆಲೆ ಮಾತ್ರ ದೊಡ್ಡದು.

ಭಾರತದಲ್ಲಿ ಈ ಕ್ರೀಡೆ ವ್ಯಾಪಕವಾಗಿ ಪರಿಚಿತವಾದದ್ದು ತಡವಾಗಿ. ಐರನ್‌ಮ್ಯಾನಿನ ಅರ್ಧ ದೂರದ, ಅಂದರೆ 90 ಕಿ.ಮೀ. ಸೈಕಲ್ ಸವಾರಿ ಇರುವ ಸ್ಪರ್ಧೆ 2019ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಮೊದಲ ಬಾರಿಗೆ ನಡೆದ ಮೇಲೆ, ನೆರೆಯ ಕರ್ನಾಟಕದಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ಆಸಕ್ತಿ ಬೆಳೆದಿದೆ. ಆದರೆ ಇಲ್ಲಿಗೆ ಕ್ರೀಡೆ ಬರುವ ವೇಳೆಗೆ ಅದರ ಉಪಕರಣಗಳು ಪೂರ್ತಿ ಬೆಳೆದ ರೂಪದಲ್ಲಿ, ಆಮದು ಸುಂಕದ ಹೊರೆಯೊಂದಿಗೆ ಬಂದುದರಿಂದ, ಅಮೆರಿಕದ ಮೊದಲ ಪೀಳಿಗೆ ಹಂತಹಂತವಾಗಿ ಕಲಿತದ್ದನ್ನು ಇಲ್ಲಿನ ಹೊಸಬರು ಒಂದೇ ಬಾರಿಗೆ ಕೊಳ್ಳಬೇಕೆಂಬ ಒತ್ತಡಕ್ಕೆ ಸಿಲುಕುತ್ತಾರೆ. ಏರೋಬಾರ್ ಹಿಡಿದಾಗ ಕೈ ಬ್ರೇಕಿನಿಂದ ದೂರವಿದ್ದು ಹಿಡಿತ ಸಡಿಲವಾಗುವುದರಿಂದ, ವಾಹನ ದಟ್ಟಣೆಯ ರಸ್ತೆಗಳಲ್ಲಿ ಅದರ ಅಭ್ಯಾಸ ಅಪಾಯಕರವೆಂಬುದೂ ಇಲ್ಲಿನ ವಾಸ್ತವ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕ್ಲಿಂಗ್ ಪಟುಗಳನ್ನು ನಿರಂತರವಾಗಿ ಕೊಟ್ಟಿರುವುದು ದುಬಾರಿ ಸೈಕಲ್ಲುಗಳ ಸುಲಭ ಲಭ್ಯತೆಯಿಂದಲ್ಲ, ಎಳವೆಯಿಂದ ಬಂದ ಸವಾರಿಯ ರೂಢಿ ಮತ್ತು ತರಬೇತಿಯಿಂದ.

ಉನ್ನತ ಮಟ್ಟದಲ್ಲೂ ಹೀಗೆಯೇ: 1989ರ ಅಕ್ಟೋಬರಿನಲ್ಲಿ ಕೋನಾದ ಐರನ್‌ಮ್ಯಾನಿನಲ್ಲಿ ಸ್ಪರ್ಧಿಗಳಾದ ಮಾರ್ಕ್ ಅಲೆನ್ ಮತ್ತು ಡೇವ್ ಸ್ಕಾಟ್ ದಿನವಿಡೀ ಜೊತೆಜೊತೆಯಾಗಿ ಸಾಗಿದಾಗ, ಅವರನ್ನು ಕೊನೆಗೆ ಬೇರ್ಪಡಿಸಿದ್ದು ಸೈಕಲ್ಲಾಗಿರದೆ ಓಟದ ಕೊನೆಯ ಏರಾಗಿತ್ತು. ಎಂಟು ಗಂಟೆಗೂ ಮೀರಿದ ಸ್ಪರ್ಧೆಯನ್ನು ಅಲೆನ್ ಒಂದು ನಿಮಿಷದೊಳಗಿನ ಅಂತರದಿಂದ ಗೆದ್ದರು. ಉಪಕರಣ, ಭಂಗಿ, ತರಬೇತಿ ಮೂರೂ ಸಮವಾದ ಮೇಲೆ ಮಾತ್ರ ಸಣ್ಣ ಲಾಭಗಳಿಗೆ ಬೆಲೆ ಬರುತ್ತದೆ. ಹೊಸಬರಲ್ಲಿ ಮೊದಲ ಒಂದೆರಡು ವರ್ಷ ತರಬೇತಿಯಿಂದ ದೇಹದ ಶಕ್ತಿಯೂ ಬೆನ್ನಿನ ಬಾಗುವಿಕೆಯೂ ಬದಲಾಗುತ್ತಲೇ ಇರುವುದರಿಂದ, ಇಂದಿನ ಭಂಗಿಗೆ ತಕ್ಕಂತೆ ಕೊಂಡ ದುಬಾರಿ ಫ್ರೇಮು ನಾಳಿನ ಭಂಗಿಗೆ ಒಗ್ಗದೆ ಹೋಗಬಹುದು. ಈ ಕಾರಣದಿಂದ, ಸುಸ್ಥಿತಿಯಲ್ಲಿರುವ ರೋಡ್ ಸೈಕಲ್ಲನ್ನು ದೇಹಕ್ಕೆ ಹೊಂದಿಸಿಕೊಂಡು, ಹೆಲ್ಮೆಟ್ ಮತ್ತು ಟೈರುಗಳಿಗೆ ಮೊದಲು ಖರ್ಚು ಮಾಡಿ, ಸವಾರಿ ಪಳಗಿದ ಬಳಿಕ ಏರೋಬಾರ್ ಸೇರಿಸಿ, ಕೆಲವು ಸ್ಪರ್ಧೆಗಳ ನಂತರವೂ ಡ್ರಾಫ್ಟಿಂಗ್ ಇಲ್ಲದ ದೀರ್ಘ ದೂರವೇ ತಮ್ಮ ಆಯ್ಕೆಯೆಂದು ಖಚಿತವಾದಾಗ ವಿಶೇಷ ಸೈಕಲ್ಲಿನ ಯೋಚನೆ ಮಾಡುವುದು ಯುಕ್ತ. ಟ್ರಯಥ್ಲಾನ್ ಸೈಕಲ್ ವಿಕಾಸಗೊಂಡದ್ದೂ ಇದೇ ಅನುಕ್ರಮದಲ್ಲಿ. ಅದನ್ನು ತಲೆಕೆಳಗು ಮಾಡಿದ್ದರಿಂದ ಮಾರುಕಟ್ಟೆಗೆ ಆದ ಪ್ರಯೋಜನ ಹೊಸ ಸವಾರರಿಗೆ ಆದದ್ದಕ್ಕಿಂತ ಹೆಚ್ಚು.