ಹಾಸನ ಜಿಲ್ಲೆಯ ನಗರ ಸ್ಥಳೀಯ ಸಂಸ್ಥೆಗಳ ಆಯವ್ಯಯ ಮತ್ತು ನಿರ್ಣಯಗಳು

ಹಾಸನ ಜಿಲ್ಲೆಯ ನಗರ ಸ್ಥಳೀಯ ಸಂಸ್ಥೆಗಳ ಆಯವ್ಯಯ ಎಂದರೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಮೊದಲಾದ ಊರುಗಳ ಪೌರಾಡಳಿತ ಸಂಸ್ಥೆಗಳು ಪ್ರತಿವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಅವಧಿಗೆ ಸಿದ್ಧಪಡಿಸುವ ಆದಾಯ ಮತ್ತು ವೆಚ್ಚದ ಅಂದಾಜು ಪಟ್ಟಿ. ಸಾಮಾನ್ಯ ವ್ಯವಹಾರದಲ್ಲಿ ಇದನ್ನು ಬಜೆಟ್ ಎನ್ನುತ್ತಾರೆ. ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ ವಿಲೇವಾರಿ, ಸ್ಮಶಾನ, ಸಂತೆ, ಉದ್ಯಾನ ಮುಂತಾದ ನಿತ್ಯದ ಸೌಕರ್ಯಗಳಿಗೆ ಎಷ್ಟು ಹಣ ಸಲ್ಲಬೇಕೆಂಬುದು ಈ ಪಟ್ಟಿಯಲ್ಲಿ ನಿರ್ಧಾರವಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಸ್ಥಳೀಯ ವಿಷಯಗಳನ್ನು ಕುರಿತು ಸಭೆ ಕೈಗೊಳ್ಳುವ ತೀರ್ಮಾನಗಳಿಗೆ ನಿರ್ಣಯ ಅಥವಾ ಠರಾವು ಎಂದು ಹೆಸರು.

ಕಾಗದದ ಮೇಲೆ ಆಯವ್ಯಯವು ಚುನಾಯಿತ ಸಭೆಯ ಅತಿ ಮುಖ್ಯ ಅಧಿಕಾರ. ಕಾರ್ಯತಃ ಅದರ ಬಹುಪಾಲು ಮೊದಲೇ ಗೊತ್ತುಪಡಿಸಿದ ಬಾಬ್ತುಗಳಿಗೆ ಸಲ್ಲುವುದರಿಂದ ಸದಸ್ಯರ ವಿವೇಚನೆಗೆ ಉಳಿಯುವ ಭಾಗ ಚಿಕ್ಕದು. ಸಭೆಯೇ ಇಲ್ಲದ ವರ್ಷಗಳಲ್ಲಿ ಆ ಚಿಕ್ಕ ಭಾಗವೂ ಆಡಳಿತಾಧಿಕಾರಿಯ ಕೈಗೆ ಹೋಗುತ್ತದೆ.

ಹಿನ್ನೆಲೆ

ಹಳೆಯ ಮೈಸೂರು ಸಂಸ್ಥಾನದ ಭಾಗವಾಗಿದ್ದ ಹಾಸನ ಜಿಲ್ಲೆಯ ಊರುಗಳ ಪೌರಾಡಳಿತವು ಮೊದಲು ಸಂಸ್ಥಾನದ ಕಾನೂನುಗಳಿಗೆ ಒಳಪಟ್ಟಿತ್ತು. ರಾಜ್ಯದ ಏಕೀಕರಣದ ನಂತರ ಎಲ್ಲ ಪ್ರದೇಶಗಳಿಗೂ ಅನ್ವಯಿಸುವಂತೆ 1964ರ ಪುರಸಭೆಗಳ ಅಧಿನಿಯಮ ಬಂದಿತು. ಇಂದು ಕರ್ನಾಟಕ ಪುರಸಭೆಗಳ ಅಧಿನಿಯಮ ಎಂದು ಕರೆಯಲಾಗುವ ಈ ಕಾನೂನೇ ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಿಗೆ ಆಧಾರ. ಮಹಾನಗರ ಪಾಲಿಕೆಗಳಿಗೆ 1976ರ ಪ್ರತ್ಯೇಕ ಅಧಿನಿಯಮವಿದೆ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿತು. ಐದು ವರ್ಷಗಳ ಅವಧಿ, ಮೀಸಲಾತಿ, ರಾಜ್ಯ ಚುನಾವಣಾ ಆಯೋಗ ಮತ್ತು ರಾಜ್ಯ ಹಣಕಾಸು ಆಯೋಗಗಳು ಈ ತಿದ್ದುಪಡಿಯ ಫಲಗಳು. ಇವಕ್ಕೆ ವಹಿಸಬಹುದಾದ 18 ವಿಷಯಗಳನ್ನು ಸಂವಿಧಾನದ 12ನೆಯ ಅನುಸೂಚಿಯಲ್ಲಿ ಪಟ್ಟಿಮಾಡಲಾಗಿದೆ.

ನಾಲ್ಕು ಊರುಗಳ ಸಂಸ್ಥೆಗಳು

ಕಾನೂನು ಜನಸಂಖ್ಯೆಯ ಆಧಾರದ ಮೇಲೆ ಊರುಗಳನ್ನು ವರ್ಗೀಕರಿಸುತ್ತದೆ. 10,000ದಿಂದ 20,000ದವರೆಗೆ ಪಟ್ಟಣ ಪಂಚಾಯಿತಿ, 20,000ದಿಂದ 50,000ದವರೆಗೆ ಪುರಸಭೆ, 50,000ದಿಂದ ಮೂರು ಲಕ್ಷದವರೆಗೆ ನಗರಸಭೆ ಎಂಬುದು ಸ್ಥೂಲವಾದ ಕ್ರಮ.

* ಹಾಸನ: ಜಿಲ್ಲಾ ಕೇಂದ್ರ. 35 ವಾರ್ಡುಗಳ ನಗರಸಭೆಯಾಗಿದ್ದ ಇದನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸುವ ಪ್ರಕ್ರಿಯೆಯನ್ನು ರಾಜ್ಯ ಸರ್ಕಾರ 2024–25ರ ಅವಧಿಯಲ್ಲಿ ಕೈಗೊಂಡಿತು.
* ಹೊಳೆನರಸೀಪುರ: ಹೇಮಾವತಿ ನದಿಯ ದಡದಲ್ಲಿರುವ ತಾಲ್ಲೂಕು ಕೇಂದ್ರ. 23 ವಾರ್ಡುಗಳ ಪುರಸಭೆ.
* ಚನ್ನರಾಯಪಟ್ಟಣ: ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ಊರು. 23 ವಾರ್ಡುಗಳ ಪುರಸಭೆ. ಶ್ರವಣಬೆಳಗೊಳ ಇದೇ ತಾಲ್ಲೂಕಿನಲ್ಲಿದೆಯಾದರೂ ಪುರಸಭೆಯ ವ್ಯಾಪ್ತಿಗೆ ಸೇರಿಲ್ಲ.
* ಅರಕಲಗೂಡು: 17 ವಾರ್ಡುಗಳ ಪಟ್ಟಣ ಪಂಚಾಯಿತಿ. ನಾಲ್ಕರಲ್ಲಿ ಅತಿ ಚಿಕ್ಕದು.

ವಾರ್ಡಿಗೊಬ್ಬರಂತೆ ಚುನಾಯಿತರಾದ ಸದಸ್ಯರ ಜೊತೆಗೆ ಆ ಕ್ಷೇತ್ರದ ಶಾಸಕರು ಮತ್ತು ಲೋಕಸಭಾ ಸದಸ್ಯರು ಮತದಾನದ ಹಕ್ಕಿನೊಡನೆ ಸಭೆಯಲ್ಲಿರುತ್ತಾರೆ. ಸರ್ಕಾರವು ಐವರವರೆಗೆ ಸದಸ್ಯರನ್ನು ನಾಮನಿರ್ದೇಶನ ಮಾಡಬಹುದು. ಅವರಿಗೆ ಮತದಾನದ ಹಕ್ಕಿಲ್ಲ. ನಗರಸಭೆಯ ಕಾರ್ಯನಿರ್ವಾಹಕ ಅಧಿಕಾರಿಯನ್ನು ಪೌರಾಯುಕ್ತ ಎಂದೂ ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿ ಎಂದೂ ಕರೆಯುತ್ತಾರೆ.

ಆಯವ್ಯಯ ಸಿದ್ಧವಾಗುವ ಬಗೆ

ಲೆಕ್ಕಪತ್ರ ಹಾಗೂ ಆಯವ್ಯಯದ ವಿಧಾನವನ್ನು 2006ರ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ನಿಗದಿಪಡಿಸುತ್ತವೆ. ಚಳಿಗಾಲದ ತಿಂಗಳುಗಳಲ್ಲಿ ಕಂದಾಯ, ಆರೋಗ್ಯ, ಕಾಮಗಾರಿ ಮತ್ತು ಲೆಕ್ಕ ಶಾಖೆಗಳಿಂದ ಬೇಡಿಕೆಗಳನ್ನು ಪಡೆಯಲಾಗುತ್ತದೆ. ಅನಂತರ ನಾಗರಿಕರು, ವರ್ತಕರು ಮತ್ತು ಸಂಘ ಸಂಸ್ಥೆಗಳನ್ನು ಕರೆದು ಪೂರ್ವಭಾವಿ ಸಭೆ ನಡೆಸಲಾಗುತ್ತದೆ. ಕರಡನ್ನು ಸ್ಥಾಯಿ ಸಮಿತಿ ಪರಿಶೀಲಿಸಿದ ಮೇಲೆ ಅದು ಸಾಮಾನ್ಯ ಸಭೆಯ ಮುಂದೆ ಬರುತ್ತದೆ.

ಪೂರ್ವಭಾವಿ ಸಭೆಗೆ ಈ ಊರುಗಳಲ್ಲಿ ವಿಶೇಷ ಮಹತ್ವವಿದೆ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಜನಸಂಖ್ಯೆಯ ನಗರಗಳಲ್ಲಿ ಮಾತ್ರ ವಾರ್ಡು ಸಮಿತಿಗಳು ಕಡ್ಡಾಯವೆಂದು ಸಂವಿಧಾನ ಹೇಳುತ್ತದೆ. 2011ರ ಜನಗಣತಿಯ ಪ್ರಕಾರ ನಾಲ್ಕರಲ್ಲಿ ಯಾವ ಊರೂ ಆ ಮಿತಿಯನ್ನು ಮುಟ್ಟಿರಲಿಲ್ಲ. ಗ್ರಾಮಗಳಲ್ಲಿ ಗ್ರಾಮಸಭೆ ಇರುವಂತೆ ಇಲ್ಲಿ ನಾಗರಿಕರು ನೇರವಾಗಿ ಮಾತನಾಡಬಹುದಾದ ಬೇರೆ ವೇದಿಕೆ ಇಲ್ಲವಾದ್ದರಿಂದ, ಪೂರ್ವಭಾವಿ ಸಭೆಗೆ ಹೋಗದವರ ಮಾತು ಅವರ ವಾರ್ಡಿನ ಸದಸ್ಯರ ಮೂಲಕವಷ್ಟೇ ಆಯವ್ಯಯವನ್ನು ತಲುಪಬೇಕಾಗುತ್ತದೆ.

ಆಯವ್ಯಯ ಮಂಡನೆಯ ಮರುದಿನ ಪತ್ರಿಕೆಗಳಲ್ಲಿ 'ಉಳಿತಾಯ ಬಜೆಟ್' ಎಂಬ ಶೀರ್ಷಿಕೆ ಕಾಣುವುದು ವಾಡಿಕೆ. ವರ್ಷಾರಂಭದ ಶಿಲ್ಕು ಮತ್ತು ಬರಬಹುದಾದ ಆದಾಯವನ್ನು ಕೂಡಿಸಿ, ಅದರಿಂದ ಅಂದಾಜು ವೆಚ್ಚವನ್ನು ಕಳೆದಾಗ ಉಳಿಯುವ ಮೊತ್ತವೇ ಈ ಉಳಿತಾಯ. ನಿರೀಕ್ಷಿಸಿದ ಅನುದಾನ ಬಾರದಿದ್ದರೆ ಅಥವಾ ತೆರಿಗೆ ವಸೂಲಾಗದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಹೊಸ ಅಂದಾಜಿನ ಜೊತೆಗೆ ಹಿಂದಿನ ವರ್ಷದ ವಾಸ್ತವ ಅಂಕಿಗಳಿರುವ ಕಾಲಮನ್ನು ಓದುವುದು ಅಗತ್ಯ.

ಆದಾಯದ ಮೂಲಗಳು

ಸ್ವಂತ ಆದಾಯ

ಆಸ್ತಿ ತೆರಿಗೆ ಇದರಲ್ಲಿ ಪ್ರಧಾನವಾದುದು. 2002–03ರಿಂದ ಸ್ವಯಂ ಘೋಷಿತ ಪದ್ಧತಿ ಜಾರಿಯಲ್ಲಿದ್ದು, ಮಾಲೀಕರೇ ತೆರಿಗೆಯನ್ನು ಲೆಕ್ಕಹಾಕಿ ಪಾವತಿಸುತ್ತಾರೆ. ಏಪ್ರಿಲ್ ತಿಂಗಳಿನಲ್ಲಿ ಪಾವತಿಸಿದವರಿಗೆ ಶೇ. 5ರ ರಿಯಾಯಿತಿ ದೊರೆಯುತ್ತದೆ. ಈಗ ತೆರಿಗೆಯನ್ನು ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಗೆ ಜೋಡಿಸಲಾಗಿದ್ದು, ವರ್ಷಕ್ಕೆ ಶೇ. 3ರಿಂದ 5ರವರೆಗೆ ಏರಿಸುವ ಕ್ರಮವಿದೆ. ಏರಿಕೆ ಮೂರೋ ಐದೋ ಎಂಬ ಪ್ರಶ್ನೆ ಸಣ್ಣ ಊರುಗಳ ಸಭೆಗಳಲ್ಲಿ ಬಿಸಿ ಚರ್ಚೆಗೆ ಕಾರಣವಾಗುವುದುಂಟು.

ತೆರಿಗೆಯ ರಸೀದಿಯಲ್ಲಿ ಕಾಣುವ ಮೊತ್ತವೆಲ್ಲ ಊರಿಗೆ ಸೇರುವುದಿಲ್ಲ. ತೆರಿಗೆಯ ಮೇಲೆ ಶೇ. 15 ಆರೋಗ್ಯ ಕರ, ಶೇ. 6 ಗ್ರಂಥಾಲಯ ಕರ ಮತ್ತು ಶೇ. 3 ಭಿಕ್ಷುಕರ ಕರಗಳನ್ನು ವಸೂಲು ಮಾಡಿ ಸಂಬಂಧಪಟ್ಟ ಇಲಾಖೆಗಳಿಗೆ ಕಳುಹಿಸಬೇಕು. ಉದಾಹರಣೆಗೆ, 1,000 ರೂಪಾಯಿ ತೆರಿಗೆಯ ಮೇಲೆ ಈ ಮೂರು ಬಾಬ್ತುಗಳಿಂದ 240 ರೂಪಾಯಿ ಹೆಚ್ಚಾಗುತ್ತದೆ. ಸ್ಥಳೀಯ ಸಂಸ್ಥೆ ಈ ಹಣದ ಸಂಗ್ರಾಹಕನೇ ಹೊರತು ಒಡೆಯನಲ್ಲ.

ನಲ್ಲಿ ಕಂದಾಯ, ಒಳಚರಂಡಿ ಶುಲ್ಕ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಜಾಹೀರಾತು ಶುಲ್ಕ, ವಾಣಿಜ್ಯ ಮಳಿಗೆಗಳ ಬಾಡಿಗೆ, ಸಂತೆ ಸುಂಕದ ಹರಾಜು ಇತರ ಮೂಲಗಳು. ತೆರಿಗೆ ಜಾಲದ ಹೊರಗಿದ್ದ ಸ್ವತ್ತುಗಳನ್ನು ದಾಖಲೆಗೆ ತರಲು 2025ರ ಫೆಬ್ರುವರಿಯಿಂದ ರಾಜ್ಯದ ನಗರ ಪ್ರದೇಶಗಳಲ್ಲಿ 'ಬಿ ಖಾತಾ' ನೀಡುವ ಅಭಿಯಾನ ನಡೆಯಿತು.

ಅನುದಾನಗಳು

ರಾಜ್ಯ ಹಣಕಾಸು ಆಯೋಗದ ಅನುದಾನವು ಮುಖ್ಯವಾಗಿ ಕಾಯಂ ನೌಕರರ ವೇತನ, ಬೀದಿದೀಪ ಹಾಗೂ ನೀರೆತ್ತುವ ಯಂತ್ರಗಳ ವಿದ್ಯುತ್ ಬಿಲ್ಲು, ಮತ್ತು ಮುಕ್ತನಿಧಿ ಎಂಬ ರೂಪಗಳಲ್ಲಿ ಬರುತ್ತದೆ. ಕೇಂದ್ರದ 15ನೆಯ ಹಣಕಾಸು ಆಯೋಗವು 2021–26ರ ಅವಧಿಗೆ ಇಂತಹ ಊರುಗಳ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಬದ್ಧಗೊಳಿಸಿ, ಶೇ. 40ನ್ನು ಮಾತ್ರ ಮುಕ್ತವಾಗಿರಿಸಿತು. ಇವಲ್ಲದೆ ಮುಖ್ಯಮಂತ್ರಿಗಳ ಅಮೃತ ನಗರೋತ್ಥಾನದಂತಹ ಯೋಜನೆಗಳಿಂದ ರಸ್ತೆ, ಚರಂಡಿಗಳಿಗೆ ಹಣ ಬರುತ್ತದೆ. ಅವುಗಳ ಕ್ರಿಯಾಯೋಜನೆಯ ಅಂತಿಮ ಮಾತು ಸ್ಥಳೀಯ ಸಭೆಯದಲ್ಲ. ಹಾಸನ ನಗರವು 2015ರಲ್ಲಿ ಆರಂಭವಾದ ಕೇಂದ್ರದ ಅಮೃತ್ ಯೋಜನೆಗೂ ಆಯ್ಕೆಯಾಗಿತ್ತು.

ವೆಚ್ಚ ಮತ್ತು ಆದ್ಯತೆ

ವೆಚ್ಚದ ದೊಡ್ಡ ಪಾಲು ಸಿಬ್ಬಂದಿ, ವಿದ್ಯುತ್ ಮತ್ತು ನೈರ್ಮಲ್ಯಕ್ಕೆ ಹೋಗುತ್ತದೆ. 700 ಜನರಿಗೆ ಒಬ್ಬ ಪೌರಕಾರ್ಮಿಕರಿರಬೇಕೆಂಬುದು ರಾಜ್ಯದ ಮಾನದಂಡ. ಇದರಂತೆ 20,000 ಜನರ ಊರಿಗೆ ಸುಮಾರು 29 ಮಂದಿ ಬೇಕು. ಅರಕಲಗೂಡಿನಂತಹ ಸಣ್ಣ ಸಂಸ್ಥೆಯ ಸ್ವಂತ ಆದಾಯಕ್ಕೆ ಇಷ್ಟು ಜನರ ಹೊಣೆಯೇ ಭಾರವಾದದ್ದು.

ನೀರಿನ ಬಾಬ್ತು ಇನ್ನೊಂದು. ಹಾಸನ ನಗರದ ಕುಡಿಯುವ ನೀರಿಗೆ ಹೇಮಾವತಿಯೇ ಆಧಾರ. ನದಿ ಸಮೀಪದಲ್ಲಿದ್ದರೂ ನೀರನ್ನು ಎತ್ತಿ, ಶುದ್ಧೀಕರಿಸಿ, ಎತ್ತರದ ತೊಟ್ಟಿಗಳಿಗೆ ತುಂಬಿಸಬೇಕು. ದೊಡ್ಡ ಯೋಜನೆಗಳನ್ನು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ನಿರ್ಮಿಸಿ ಸ್ಥಳೀಯ ಸಂಸ್ಥೆಗೆ ಒಪ್ಪಿಸುತ್ತದೆ. ಅಂದಿನಿಂದ ನಿರ್ವಹಣೆಯ ಖರ್ಚು ಊರಿನದು. ನಲ್ಲಿ ಕಂದಾಯವನ್ನು ಏರಿಸಲು ಸದಸ್ಯರು ಹಿಂಜರಿಯುವುದರಿಂದ ಖರ್ಚು ಮತ್ತು ವಸೂಲಿಯ ನಡುವೆ ಅಂತರ ಬೆಳೆಯುತ್ತದೆ.

ಸ್ವಂತ ನಿಧಿಯಲ್ಲಿ ಶೇ. 24.10 ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣಕ್ಕೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ವಿದ್ಯಾರ್ಥಿಗಳಿಗೆ ಸಹಾಯಧನ, ಮನೆ ದುರಸ್ತಿ, ತ್ರಿಚಕ್ರ ವಾಹನ ವಿತರಣೆ ಮೊದಲಾದವು ಈ ನಿಧಿಗಳಿಂದ ನಡೆಯುತ್ತವೆ. ಇವು ನೇರವಾಗಿ ವ್ಯಕ್ತಿಗಳನ್ನು ಮುಟ್ಟುವ ಬಾಬ್ತುಗಳಾಗಿದ್ದು, ವರ್ಷದೊಳಗೆ ಬಳಕೆಯಾಗದೆ ಉಳಿದರೆ ನಷ್ಟವಾಗುವುದು ಅತ್ಯಂತ ಅಗತ್ಯವುಳ್ಳವರಿಗೆ.

ನಿರ್ಣಯಗಳು ಮತ್ತು ಅವುಗಳ ಮಿತಿ

ಮಾಸಿಕ ಸಾಮಾನ್ಯ ಸಭೆಯಲ್ಲಿ ಕಾರ್ಯಸೂಚಿಯಂತೆ ವಿಷಯಗಳು ಚರ್ಚೆಗೆ ಬರುತ್ತವೆ. ಮಳಿಗೆಗಳ ಹರಾಜು, ಬೀದಿಗಳ ನಾಮಕರಣ, ಕಾಮಗಾರಿಗಳ ಟೆಂಡರು, ಉದ್ಯಾನಗಳ ರಕ್ಷಣೆ, ಬೀದಿನಾಯಿಗಳ ಹಾವಳಿ ಪದೇ ಪದೇ ಕಾಣುವ ವಿಷಯಗಳು. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಂತಹ ಜನನಿಬಿಡ ಸ್ಥಳಗಳಲ್ಲಿ ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಮತ್ತು ಸಂಚಾರದ ಸೌಕರ್ಯಗಳೆರಡನ್ನೂ ಸರಿತೂಗಿಸಬೇಕಾಗುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಅಧಿನಿಯಮದ ಪ್ರಕಾರ ಇದಕ್ಕೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ, ಹಾಸನಾಂಬೆಯ ದೇವಾಲಯದ ಬಾಗಿಲು ತೆರೆದಾಗ ನಗರದ ನೈರ್ಮಲ್ಯ ವ್ಯವಸ್ಥೆಯ ಮೇಲೆ ಬೀಳುವ ಹೊರೆಯೂ ಚರ್ಚೆಯ ವಿಷಯವಾಗುತ್ತದೆ.

ಸಭೆ ಅಂಗೀಕರಿಸಿದ ನಿರ್ಣಯವೆಲ್ಲ ಜಾರಿಯಾಗುವುದಿಲ್ಲ. ಕಾನೂನಿಗೆ ವಿರುದ್ಧವೆಂದು ಅಥವಾ ಸಾರ್ವಜನಿಕ ಹಿತಕ್ಕೆ ಬಾಧಕವೆಂದು ಕಂಡ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಅಧಿನಿಯಮದ 306ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಗಳಿಗಿದೆ. ಬೈಲಾಗಳಿಗೆ ಸರ್ಕಾರದ ಮಂಜೂರಾತಿ ಬೇಕು. ಹಾಸನದಲ್ಲಿ ಬಡಾವಣೆಗಳ ಯೋಜನೆಯು ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿರುವುದರಿಂದ, ಊರು ಯಾವ ದಿಕ್ಕಿಗೆ ಬೆಳೆಯಬೇಕೆಂಬುದನ್ನು ಒಂದು ಸಂಸ್ಥೆ ನಿರ್ಧರಿಸಿ, ಅಲ್ಲಿಯ ಕಸವನ್ನು ಮತ್ತೊಂದು ಸಂಸ್ಥೆ ಎತ್ತುವ ಸ್ಥಿತಿ ಇದೆ.

ಸಭೆಯಿಲ್ಲದ ಆಯವ್ಯಯಗಳು

ಹಾಸನ, ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣಗಳ ಸದಸ್ಯರನ್ನು ಜನರು 2018ರ ಆಗಸ್ಟ್ 31ರಂದು ಆರಿಸಿದರು. ಫಲಿತಾಂಶ ಸೆಪ್ಟೆಂಬರ್ 3ರಂದು ಪ್ರಕಟವಾಯಿತು. ಹೊಳೆನರಸೀಪುರದಲ್ಲಿ ಜಾತ್ಯತೀತ ಜನತಾದಳ ಎಲ್ಲ 23 ಸ್ಥಾನಗಳನ್ನೂ ಗೆದ್ದು, ವಿರೋಧ ಪಕ್ಷವೇ ಇಲ್ಲದ ಸಭೆ ರೂಪುಗೊಂಡಿತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ರಾಜ್ಯದ ಇತರ ಅನೇಕ ಊರುಗಳಂತೆ ಇಲ್ಲಿಯೂ ಎರಡು ವರ್ಷಗಳ ಕಾಲ ಸಭೆ ಅಸ್ತಿತ್ವಕ್ಕೆ ಬರಲಿಲ್ಲ. 2020ರ ಅಕ್ಟೋಬರ್–ನವೆಂಬರ್ ವೇಳೆಗೆ ಅಧ್ಯಕ್ಷರ ಆಯ್ಕೆ ನಡೆಯಿತು. ಹಾಸನದಲ್ಲಿ ಅಧ್ಯಕ್ಷ ಸ್ಥಾನವು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿ, ಅತಿ ಹೆಚ್ಚು ಸದಸ್ಯರಿದ್ದ ಪಕ್ಷದಲ್ಲಿ ಆ ವರ್ಗದ ಸದಸ್ಯರಿಲ್ಲದ ಕಾರಣ, ಭಾರತೀಯ ಜನತಾ ಪಕ್ಷದ ಸದಸ್ಯರು ಅಧ್ಯಕ್ಷರಾದರು. ಅಧ್ಯಕ್ಷರು ಒಂದು ಪಕ್ಷದವರು, ಹೆಚ್ಚಿನ ಸದಸ್ಯರು ಮತ್ತೊಂದು ಪಕ್ಷದವರು ಎಂಬ ಸನ್ನಿವೇಶ ಹೀಗೆ ಉಂಟಾಯಿತು.

30 ತಿಂಗಳ ಮೊದಲ ಅಧಿಕಾರಾವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ 2024ರ ಆಗಸ್ಟ್‌ವರೆಗೆ ಹೊರಬೀಳಲಿಲ್ಲ. ಈ ಎರಡು ತೆರವಿನ ಕಾಲಗಳಲ್ಲಿ ಆಡಳಿತಾಧಿಕಾರಿಗಳೇ ಸಭೆಯ ಅಧಿಕಾರವನ್ನು ಚಲಾಯಿಸಿದರು. 2019ರಿಂದ 2025ರವರೆಗಿನ ಏಳು ಮಾರ್ಚ್ ತಿಂಗಳುಗಳಲ್ಲಿ ಮೂರು, ಅಂದರೆ 2019, 2020 ಮತ್ತು 2024ರವು, ಈ ತೆರವಿನ ಕಾಲಕ್ಕೆ ಸೇರಿದವು.

ಆಡಳಿತಾಧಿಕಾರಿಯ ಕಾಲದಲ್ಲಿ ವೇತನ, ವಿದ್ಯುತ್, ನೈರ್ಮಲ್ಯಗಳ ಪಾವತಿ ನಿಲ್ಲುವುದಿಲ್ಲ. ಇಲ್ಲದಾಗುವುದು ಆದ್ಯತೆಯ ಕುರಿತ ವಾದ. ಯಾವ ವಾರ್ಡಿನ ಚರಂಡಿ ಮೊದಲು, ಯಾವ ಬೀದಿಗೆ ದೀಪ, ಕಂದಾಯ ಎಷ್ಟು ಏರಬೇಕು ಎಂಬ ಪ್ರಶ್ನೆಗಳನ್ನು ಬಹಿರಂಗವಾಗಿ ಎತ್ತುವವರು ಮತ್ತು ಅದಕ್ಕೆ ಮುಂದಿನ ಚುನಾವಣೆಯಲ್ಲಿ ಉತ್ತರಿಸಬೇಕಾದವರು ಆ ಕೋಣೆಯಲ್ಲಿ ಇರುವುದಿಲ್ಲ. ಸಂವಿಧಾನದ ಪ್ರಕಾರ ಸಭೆಯ ಐದು ವರ್ಷಗಳನ್ನು ಮೊದಲ ಸಭೆಯ ದಿನದಿಂದ ಎಣಿಸಲಾಗುತ್ತದೆ. ಆದ್ದರಿಂದ ಸದಸ್ಯರ ಅವಧಿ ಕಡಿಮೆಯಾಗುವುದಿಲ್ಲ. ಕಳೆದುಹೋಗುವುದು ಮತ ಹಾಕಿದವರ ಕಾಲ.

ದಾಖಲೆಗಳ ಲಭ್ಯತೆ

ಅಂಗೀಕೃತ ಆಯವ್ಯಯ ಮತ್ತು ಸಭಾ ನಡವಳಿಗಳು ಸಾರ್ವಜನಿಕ ದಾಖಲೆಗಳು. ಪ್ರತಿ ಸಂಸ್ಥೆಗೂ ಪೌರಾಡಳಿತ ನಿರ್ದೇಶನಾಲಯದ ವ್ಯವಸ್ಥೆಯಲ್ಲಿ ಜಾಲತಾಣವಿದೆ. ಅಲ್ಲಿ ದೊರೆಯದ ದಾಖಲೆಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೋರಬಹುದು. ಅಧ್ಯಯನ ಮಾಡುವವರು ಒಂದೇ ಊರಿನ ಮೂರು ಅನುಕ್ರಮ ವರ್ಷಗಳ ಆಯವ್ಯಯಗಳನ್ನು ಪಕ್ಕಪಕ್ಕ ಇಟ್ಟು, ಅಂದಾಜು, ಪರಿಷ್ಕೃತ ಅಂದಾಜು ಮತ್ತು ವಾಸ್ತವ ವೆಚ್ಚಗಳನ್ನು ಹೋಲಿಸಿದರೆ ಆ ಊರಿನ ನಿಜವಾದ ಆದ್ಯತೆಗಳು ತಿಳಿಯುತ್ತವೆ.

ಇವನ್ನೂ ನೋಡಿ

* ಹಾಸನ ಜಿಲ್ಲೆ
* ಹೇಮಾವತಿ ನದಿ
* ಭಾರತ ಸಂವಿಧಾನದ 74ನೆಯ ತಿದ್ದುಪಡಿ
* ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು