ಹುಡುಗಿಯರು ಪಂದ್ಯಕ್ಕಿಳಿದ ವರ್ಷ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಆ ಜಿಲ್ಲೆಯ ಚಿನ್ನದ ಗಣಿಯ ಆಂಗ್ಲ ಅಧಿಕಾರಿಗಳು ಗಾಲ್ಫ್ ಆಡುತ್ತಿದ್ದರು. ನಮ್ಮ ಸೀಮೆಯವರಿಗೆ ಅದು ದೊರೆಗಳ ಆಟ. ಕಾಲೇಜು ಹುಡುಗಿಯರು ಅದನ್ನಾಡುವುದಂತೂ ದೂರದ ಮಾತು.

ಅಮೆರಿಕದಲ್ಲಿಯೂ ಅದು ಸುಲಭವಾಗಿ ಒದಗಿದುದಲ್ಲ. 1941ರಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಗ್ಲಾಡಿಸ್ ಪಾಮರ್ ಕಾಲೇಜು ಮಹಿಳೆಯರ ರಾಷ್ಟ್ರೀಯ ಗಾಲ್ಫ್ ಪಂದ್ಯಾವಳಿಯನ್ನು ಏರ್ಪಡಿಸಿದರು. ವಿರೋಧಿಸಿದವರು ಗಂಡಸರೆಂದು ತಾವು ಭಾವಿಸಬಹುದು. ಅಲ್ಲ, ಮುಂದೆ ನಿಂತವರು ಮಹಿಳಾ ದೈಹಿಕ ಶಿಕ್ಷಕಿಯರ ಸಂಘಗಳವರೇ. ಅವರದು ದುರುದ್ದೇಶವಲ್ಲ. ಪುರುಷರ ಕಾಲೇಜು ಕ್ರೀಡೆಯಲ್ಲಿ ಹಣ, ಪ್ರಚಾರ, ಪೈಪೋಟಿಗಳ ಹಾವಳಿಯನ್ನು ಕಂಡು ಬೆದರಿದ್ದರು. ಕೆಲವರ ಪಂದ್ಯ ಬೇಡ, ಎಲ್ಲ ಹುಡುಗಿಯರೂ ಆಡಲಿ ಎಂಬುದು ಅವರ ನಿಲುವು. ಅದಕ್ಕೆಂದೇ ‘ಆಟದ ದಿನ’ಗಳನ್ನು ನಡೆಸುತ್ತಿದ್ದರು. ಹಲವು ಕಾಲೇಜುಗಳ ಹುಡುಗಿಯರನ್ನು ಬೆರೆಸಿ ತಂಡ ಕಟ್ಟಿದರೆ ಯಾವ ಕಾಲೇಜೂ ಗೆಲ್ಲುವಂತಿಲ್ಲ, ಸೋಲುವಂತಿಲ್ಲ! ಇದರಲ್ಲಿ ಕರುಣೆಯಿದೆ, ಒಪ್ಪುತ್ತೇನೆ. ಆದರೆ ಚೆನ್ನಾಗಿ ಆಡಬಲ್ಲ ಹುಡುಗಿಗೆ ತನ್ನ ಬಲವನ್ನು ಅಳೆದುಕೊಳ್ಳುವ ಎಡೆಯೇ ಇರಲಿಲ್ಲ.

ಪಾಮರ್ ಹಿಂಜರಿಯಲಿಲ್ಲ. ಆ ವರ್ಷ ಎಲೀನರ್ ಡಡ್ಲಿ ಗೆದ್ದರು. ಯುದ್ಧದ ದೆಸೆಯಿಂದ ನಿಂತ ಪಂದ್ಯ 1946ರಲ್ಲಿ ಮತ್ತೆ ಆರಂಭವಾಯಿತು. ಪುರುಷರ ಕ್ರೀಡೆಯನ್ನು ನಡೆಸುತ್ತಿದ್ದ ರಾಷ್ಟ್ರೀಯ ಸಂಸ್ಥೆ ಮಹಿಳೆಯರ ಗಾಲ್ಫ್ ಚಾಂಪಿಯನ್‌ಷಿಪ್ಪನ್ನು ಕೈಗೆತ್ತಿಕೊಂಡದ್ದು 1982ರಲ್ಲಿ, ನಾಲ್ವತ್ತೊಂದು ವರ್ಷಗಳ ಮೇಲೆ.

ಇತ್ತ ಬೆಂಗಳೂರಿನ ಅದಿತಿ ಅಶೋಕ್ ಕಾಲೇಜಿನ ದಾರಿ ಹಿಡಿಯದೆ 2016ರಲ್ಲಿಯೇ ವೃತ್ತಿಪರ ಆಟಗಾರ್ತಿಯಾದರು. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಆ ಶನಿವಾರ ಬೆಳಿಗ್ಗೆ, ಗಾಲ್ಫಿನ ಗಂಧವರಿಯದ ಮನೆಗಳಲ್ಲಿಯೂ ಜನ ಟಿ.ವಿ.ಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದರು.