ಉಕ್ಕಿನ ಸುಂಕ ಮತ್ತು ನಮ್ಮ ಗಡಿನಾಡು

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ನಿಲಂಗಾ, ಉದಗೀರಗಳಂತೂ 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ಸ್ವದೇಶಿ ಉಕ್ಕಿಗೆ ದೊರೆತ ರಕ್ಷಣೆಯ ಚರಿತ್ರೆಯಲ್ಲಿ ಜಮಷೇಡಪುರದ ಹೆಸರಿದೆ. ಅದರ ಬೆಲೆ ತೆತ್ತ ನಮ್ಮ ಹಿರಿಯರ ಹೆಸರಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಅಗ್ಗದ ಉಕ್ಕು ನಮ್ಮ ಬಂದರುಗಳಿಗೆ ಹರಿದುಬಂದಿತು. ಟಾಟಾ ಕಾರ್ಖಾನೆ ಸಂಕಟಕ್ಕೆ ಸಿಲುಕಿತು. ಇಬ್ರಾಹಿಂ ರಹೀಮತುಲ್ಲಾ ಅವರ ಅಧ್ಯಕ್ಷತೆಯ ಆಯೋಗವು 1922ರಲ್ಲಿ, ಅರ್ಹತೆಯನ್ನು ಪರೀಕ್ಷಿಸಿ ಆಯ್ದ ಉದ್ಯಮಗಳಿಗೆ ರಕ್ಷಣೆ ನೀಡಬೇಕೆಂದು ಸೂಚಿಸಿತು. ಅದರಂತೆ ಸುಂಕ ಮಂಡಳಿಯ ವಿಚಾರಣೆಯ ನಂತರ 1924ರಲ್ಲಿ ಉಕ್ಕು ಉದ್ಯಮ ಸಂರಕ್ಷಣಾ ಕಾನೂನು ಜಾರಿಗೆ ಬಂದಿತು. ಆಮದಾದ ಉಕ್ಕಿನ ಸರಳಿನ ಮೇಲೆ ಟನ್ನಿಗೆ 40 ರೂಪಾಯಿ ಸುಂಕ ಬಿದ್ದಿತು.

ಲೆಕ್ಕ ಹಾಕಿದರೆ ಪೌಂಡಿಗೆ ಸುಮಾರು ಮೂರೂವರೆ ಪೈ. ಸುಂಕವೆಲ್ಲ ಬೆಲೆಗೆ ಸೇರಿತೆಂದರೆ, ಚಕ್ಕಡಿಯ ಹಳಿಗೋ ಕುಂಟೆಯ ಅಲಗಿಗೋ 80 ಪೌಂಡು ಕೊಂಡ ರೈತನಿಗೆ ಹೆಚ್ಚು ಕಡಿಮೆ ಒಂದು ರೂಪಾಯಿ ಏಳಾಣೆಯ ಹೊರೆ. ಅದೂ ಕಲ್ದಾರ್ ರೂಪಾಯಿ, ನಮ್ಮ ಹಾಲಿ ಸಿಕ್ಕಾ ಅಲ್ಲ! ಬಂದರಿನಲ್ಲಿ ಸುಂಕ ತೆತ್ತು ಬಂದ ಸರಕು ಸಂಸ್ಥಾನದ ಗಡಿಯಲ್ಲಿ ಮತ್ತೆ ಕರೋಡ್‌ಗಿರಿ ತೆರಬೇಕಿತ್ತು. 1802ರ ವಾಣಿಜ್ಯ ಒಪ್ಪಂದವು ಅದನ್ನು ಶೇಕಡಾ 5ಕ್ಕೆ ನಿಗದಿಗೊಳಿಸಿತ್ತು. ಬಂದರಿನ ಸುಂಕ ದಿಲ್ಲಿಗೆ, ಗಡಿಯ ಸುಂಕ ಹೈದರಾಬಾದಿಗೆ. ಕಾನೂನು ಮಾಡಿದ ದಿಲ್ಲಿಯ ಸಭೆಯಲ್ಲಿ ಸಂಸ್ಥಾನದ ಪ್ರಜೆಗೆ ಪ್ರತಿನಿಧಿಯೇ ಇರಲಿಲ್ಲ.

ಇನ್ನೊಂದು ಸಂಸ್ಥಾನವಾದ ಮೈಸೂರಿನ ಕಥೆ ಬೇರೆ ಬಗೆಯದು. ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಇದ್ದಿಲಿನ ಕುಲುಮೆ ಉರಿಯತೊಡಗಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತರು. ಆದರೆ ಅಲ್ಲಿ ತಯಾರಾಗುತ್ತಿದ್ದುದು ಬೀಡುಕಬ್ಬಿಣ, ರಕ್ಷಣೆ ದೊರೆತದ್ದು ಉಕ್ಕಿಗೆ. ಉಕ್ಕಿನ ಕಾರ್ಖಾನೆ 1936ರಲ್ಲಿ ಬರುವವರೆಗೆ ಕನ್ನಡಿಗರ ಆ ಉದ್ಯಮ ಕೊಡೆಯಿಲ್ಲದೆ ಮಳೆಯಲ್ಲಿ ನಿಂತಿತ್ತೆನ್ನಬೇಕು.

ಬಂದರು ಸುಂಕದಲ್ಲಿ ತಮಗೂ ಪಾಲು ಬೇಕೆಂಬ ರಾಜರ ದೂರಿನಲ್ಲಿ ಹುರುಳಿದೆಯೆಂದು 1929ರಲ್ಲಿ ಬಟ್ಲರ್ ಸಮಿತಿ ಒಪ್ಪಿತು. ಪಾಲು ದೊರೆತಿದ್ದರೂ ಅದು ಅರಮನೆಯ ಖಜಾನೆಗೆ ಸೇರುತ್ತಿತ್ತೇ ಹೊರತು ಉದಗೀರದ ಕಮ್ಮಾರನಿಗಲ್ಲ. ಹಾಗೆಂದು ರಕ್ಷಣೆಯೇ ತಪ್ಪೆಂದು ನಾನು ಹೇಳಲಾರೆ. ಅದಿಲ್ಲದೆ ಟಾಟಾ ಕುಲುಮೆಗಳು ಉಳಿಯುವುದು ಕಷ್ಟವಿತ್ತು. ಹೊರೆ ಹೊತ್ತವರನ್ನು ಮಾತ್ರ ಯಾರೂ ಕೇಳಲಿಲ್ಲ. 1947ರಲ್ಲಿ ಉಕ್ಕಿನ ರಕ್ಷಣಾ ಸುಂಕ ನಿಂತಿತು. ನಿಜಾಮರ ಕರೋಡ್‌ಗಿರಿ ಚೌಕಿಗಳು ಆಗಲೂ ಇದ್ದವು.